ಬೀಸಣಿಗೆ ಭವನಕ್ಕೆ ಬಣ್ಣ ಬಳಿಸಿದ್ದು

ಜನವರಿ 6, ಸೋಮವಾರ

ಸಭಾಸದರೇ! ಚಾಪೆ ಹಾಸಿಕೊಂಡು ಮುಂದೆ ಕೂತವರೇ, ಕಂಬಕ್ಕೊರಗಿ ಬೀಡಿ ಹಚ್ಚಿದವರೇ, ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಒಂದು ಕಣ್ಣು ರಂಗದ ಮೇಲಿಟ್ಟ ತಾಯಂದಿರೇ! ಪಾಂಡವಪುರದಿಂದ ಟ್ರಾಕ್ಟರಿನಲ್ಲಿ ಬಂದವರೇ, ನಾಗಮಂಗಲದಿಂದ ಎರಡು ಬಸ್ಸು ಬದಲಾಯಿಸಿ ಬಂದವರೇ! ಸದ್ದು ಮಾಡಬೇಡಿ. ಶ್ರೀರಂಗಪಟ್ಟಣದ ಡ್ರಾಮಾ ಮೇಷ್ಟ್ರು ಮಂಚಯ್ಯ ಈ ದಿನ ದಿನಚರಿ ಬರೆಯಲು ಕೂತಿದ್ದಾನೆ!

ಓದುವವರು ಯಾರೂ ಇಲ್ಲ ಅಂತ ನನಗೂ ಗೊತ್ತು. ಈ ಡೈರಿ ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಎಪ್ಪತ್ತೊಂದು ವರ್ಷದಲ್ಲಿ ಡೈರಿ ಬರೆದವನಲ್ಲ ನಾನು. ಆದರೆ ಒಳಗಿರೋದನ್ನ ಯಾರಿಗಾದರೂ ಹೇಳಬೇಕಲ್ಲ. ಮನೆಯವಳಿಗೆ ಹೇಳೋಕೆ ಹೋದರೆ, "ಮೆತ್ತಗೆ ಮಾತಾಡಿ, ಎದುರು ಮನೆಯೋರು ಜಗಳ ಅಂದ್ಕೋತಾರೆ" ಅಂತಾಳೆ ಪುಟ್ಟಲಕ್ಷ್ಮಮ್ಮ. ಕಾಗದಕ್ಕೆ ಆ ತೊಂದರೆ ಇಲ್ಲ.

ವಿಷಯ ಇದು. ಕೋಟೆಯೊಳಗೆ, ನದಿ ಕಡೆ ಇರೋ ನಮ್ಮ ಪುರಭವನವನ್ನು ಕೆಡವಬೇಕು ಅನ್ನೋ ಮಾತು ಎದ್ದಿದೆ. 1968ರಲ್ಲಿ ಕಟ್ಟಿದ್ದು. ಸೂರು ಕಾಗದದ ಬೀಸಣಿಗೆ ಮಡಚಿದ ಹಾಗೆ ಏರಿಳಿದಿರೋದರಿಂದ ಊರವರಿಗೆ ಅದು ಬೀಸಣಿಗೆ ಭವನ. ಗಾರೆ ಇಲ್ಲ, ಸುಣ್ಣ ಇಲ್ಲ, ಬರೀ ಬೂದು ಕಾಂಕ್ರೀಟು. ಪಟ್ಟಣದ ಹಳೇ ಕಟ್ಟಡಗಳನ್ನು ಕಾಪಾಡೋಕೆ ಅಂತ ಒಂದು ಸಮಿತಿ ಆಗಿದೆ. ಗುಡಿ, ಮಸೀದಿ, ಕೋಟೆಗೋಡೆಗಳ ನಡುವೆ ಈ ಬೂದು ಡಬ್ಬ ಕಣ್ಣಿಗೆ ಚುಚ್ಚುತ್ತದೆ ಅಂತ ಅವರಲ್ಲೇ ಕೆಲವರ ವಾದ. ಇದನ್ನು ಕೆಡವಿ, ಹಳೇ ಕಾಲದ್ದರ ಹಾಗೆ ಕಾಣೋ ಹೊಸ ಕಮಾನು ಮಂಟಪ ಕಟ್ಟಿ, ಪಕ್ಕದಲ್ಲಿ ಟೂರಿಸ್ಟು ಬಸ್ಸು ನಿಲ್ಲಿಸುತ್ತಾರಂತೆ.

ಕೇಳಿದಿರಾ ಮಹಾಜನರೇ! ಹಳೇದರ ಹೆಸರಲ್ಲಿ ಇರೋದನ್ನ ಒಡೆದು, ಹೊಸದಕ್ಕೆ ಹಳೇ ವೇಷ!

ನಲವತ್ತನಾಲ್ಕು ವರ್ಷ ಆ ರಂಗದ ಮೇಲೆ ರಾಜಪಾರ್ಟು ಮಾಡಿದ್ದೇನೆ, ಮಾಡಿಸಿದ್ದೇನೆ. ಕೆ.ಆರ್.ಪೇಟೆ ಕಡೆಯ ಗೌಡರಿಗೆ, ಕೆ.ಆರ್.ಎಸ್.ನ ತೂಬಿನ ನೌಕರರಿಗೆ ಕಿರೀಟ ಕಟ್ಟಿಸಿ ಕಂದಪದ್ಯ ಹಾಡಿಸಿದ್ದೇನೆ. ಈಗಲೂ ತೊಣ್ಣೂರಿನ ತಂಡ ವಾರಕ್ಕೆರಡು ದಿನ ಅಲ್ಲಿಗೆ ಕಲಿಯೋಕೆ ಬರ್ತದೆ. ಯುಗಾದಿಗೆ ನಾಟಕ. ಬಾಗಿಲು ತೆಗೆಯೋದು, ಗುಡಿಸೋದು, ನೋಡಿಕೊಳ್ಳೋದು ಕಲಾಸಂಘ ನನಗೇ ಒಪ್ಪಿಸಿದೆ. ಅದು ಹೋದರೆ ನಾನು ಎಲ್ಲಿ ನಿಂತು ಕೂಗಲಿ?

ಅರ್ಜಿ ಹಿಡಿದು ಇವತ್ತು ನಾಲ್ಕನೇ ಕಚೇರಿ. ಎಲ್ಲರೂ "ಕೂತ್ಕೊಳ್ಳಿ" ಅಂತಾರೆ. ಮೊಣಕಾಲಿಗೆ ಅಷ್ಟೇ ಲಾಭ.


ಜನವರಿ 9, ಗುರುವಾರ

ಸಭಾಸದರೇ, ಸಹಾಯಕ್ಕೆ ಒಬ್ಬಳು ಬಂದಳು! ಅಪರ್ಣ ಅಂತ. ಇಲ್ಲೇ ಗುಡಿ ಬೀದಿಯ ಅರ್ಚಕರ ಮನೆ ಹುಡುಗಿ, ಕಟ್ಟಡದ ನಕ್ಷೆ ಬರೆಯೋದು ಓದಿ ಮೈಸೂರಲ್ಲಿ ಕೆಲಸಕ್ಕಿದ್ದಾಳೆ. ಭವನವನ್ನು ಉಳಿಸಬೇಕಾದ ಕಟ್ಟಡಗಳ ಪಟ್ಟಿಗೆ ಸೇರಿಸಿ ಅಂತ ಸಮಿತಿಗೆ ಹನ್ನೆರಡು ಪುಟ ಬರೆದು ಹಾಕಿದ್ದಾಳೆ. ಪಟ್ಟಿಗೆ ಸೇರಿದರೆ ಯಾರೂ ಕೈ ಹಚ್ಚೋ ಹಾಗಿಲ್ಲ. ಸಮಿತಿಯವರು ಇಪ್ಪತ್ತನೇ ತಾರೀಕು ನೋಡೋಕೆ ಬರ್ತಾರೆ.

ಮುಂಗೋಡೆಯ ಹತ್ತಿರ ಕರೆದು, "ಮೇಷ್ಟ್ರೇ, ಇಲ್ಲಿ ಕೈ ಇಡಿ" ಅಂದಳು. ಇಟ್ಟೆ. ಆ ಗೋಡೆಯ ಮುಂದೆ ನಾನು ಮಾಡಿದ ಭಾಷಣಗಳ ಬಗ್ಗೆ ಹೇಳಿದೆ. ಸುಮಾರು ಹೊತ್ತು ಹೇಳಿದೆ. ಅವಳು ಕೇಳಿಸಿಕೊಂಡಳು, ಒಳ್ಳೆ ಹುಡುಗಿ.

ಹೊರಡುವಾಗ ಅಂದಳು: "ಹೇಗಿದೆಯೋ ಹಾಗೇ ಇರಲಿ ಮೇಷ್ಟ್ರೇ. ಏನೂ ಮಾಡಿಸಬೇಡಿ. ಕಸ ಗುಡಿಸಿದ್ರೆ ಸಾಕು."

ಸಂಕೋಚದ ಸ್ವಭಾವ. ಖರ್ಚಿಗೆ ಹೆದರಿ ಹಾಗಂದಿರಬೇಕು. ಹೇಗಿದೆಯೋ ಹಾಗೆ! ಹೇಗಿದ್ದಾನೋ ಹಾಗೇ ಪ್ರೇಕ್ಷಕರ ಮುಂದೆ ಹೋಗೋ ನಟ ಯಾರು? ಮೂರು ಗಂಟೆ ಕೂತು ಬಣ್ಣ ಹಚ್ಚಿಸಿಕೊಳ್ಳದೆ ರಾಜ ಹೊರಗೆ ಬರೋದಿಲ್ಲ. ಬರಿ ಮುಖದಲ್ಲಿ ಬಂದರೆ ಜನ ಅವನನ್ನ ಪರದೆ ಎಳೆಯೋನು ಅಂದುಕೊಂಡಾರು.


ಜನವರಿ 15, ಬುಧವಾರ

ನಿನ್ನೆ ಹಬ್ಬದ ಎಳ್ಳುಬೆಲ್ಲ ಬಾಯಲ್ಲಿರುವಾಗಲೇ ಕೆ.ಆರ್.ಪೇಟೆಯ ಶಂಕರ್‌ಗೆ ಫೋನು ಹೊಡೆದೆ. ನಮ್ಮ ನಾಟಕಗಳ ಸೀನರಿ ಬರೆಯೋ ಶಂಕರ್. ಅರಮನೆ, ಉದ್ಯಾನ, ಕಾಡು, ಸ್ವರ್ಗ, ಎಲ್ಲಾ ಪರದೆಗಳೂ ಅವನ ಕುಂಚದ್ದೇ. ಇವತ್ತು ಬಂದು ಮುಂಗೋಡೆ ನೋಡಿ, "ಮೇಷ್ಟ್ರೇ, ಈ ಗೋಡೆಗೆ ಬಟ್ಟೆ ಮೇಲಿನ ಬಣ್ಣ ನಿಲ್ಲಾಕಿಲ್ಲ, ಆಯಿಲ್ ಪೇಂಟೇ ಆಗ್ಬೇಕು" ಅಂದ. ಆಗಲಿ ಅಂದೆ. ಅರಮನೆ ಸೀನನ್ನೇ ಬರಿ ಅಂದೆ. ಹಳದಿ ಕಂಬ, ಕೆಂಪು ಕಮಾನು, ಎರಡು ಕಡೆ ಸಿಂಹ. ಕೋಟೆಗೆ ಹೊಂದಬೇಕು ತಾನೇ? ಹೊಂದಿಸಿಬಿಡೋಣ!

ನಮ್ಮ ನಾಟಕಗಳಿಗೆ ಹಾರ್ಮೋನಿಯಂ ನುಡಿಸೋ ರಂಗಸ್ವಾಮಿ ಏಣಿ ಕೆಳಗೆ ನಿಂತು ಕೇಳಿದ, "ಲೇ ಮಂಚ, ಆ ಹುಡ್ಗೀನ ಒಂದ್ಮಾತ್ ಕೇಳ್ದೇನ್ಲಾ?"

"ಕೇಳಿ ಮಾಡೋದ್ರಲ್ಲಿ ಏನೈತ್ಲಾ ಮಜಾ? ಪರದೆ ಎದ್ದಾಗ ನೋಡ್ಲಿ."

"ಸಂಘದೋರ್ನ?"

"ಸಂಘ ಅಂದ್ರೆ ನಾನೇ ಕಣ್ಲಾ!"

ಅವನು ತಲೆ ಕೆರೆದುಕೊಂಡು ಹೋದ. ಹಾರ್ಮೋನಿಯಂನವರಿಗೆ ಯಾವಾಗಲೂ ಅನುಮಾನವೇ.


ಜನವರಿ 18, ಶನಿವಾರ

ಮುಗಿಯಿತು! ಮಹಾಜನರೇ, ಎದ್ದು ನಿಂತು ನೋಡಿ! ಸಂಜೆ ಬಿಸಿಲಿಗೆ ಧಗಧಗ ಹೊಳೀತಾ ಇತ್ತು. ರಸ್ತೆಯಲ್ಲಿ ಹೋಗೋ ಆಟೋಗಳು ನಿಂತವು. ಒಬ್ಬ ಟೂರಿಸ್ಟು ಸಿಂಹದ ಪಕ್ಕ ಹಲ್ಲು ಕಿರಿದು ಫೋಟೋ ಹೊಡೆಸಿಕೊಂಡ.

ಸ್ವಾಗತ ಭಾಷಣ ಬರೆದಿದ್ದೇನೆ. ನಾಲ್ಕು ಪುಟ. ಬಾಯಿಪಾಠ ಆಗಿದೆ.


ಜನವರಿ 20, ಸೋಮವಾರ

ಹನ್ನೊಂದಕ್ಕೆ ಬಂದರು, ಐದು ಜನ. ಮುಂದೆ ಅಧ್ಯಕ್ಷರು, ಸುದರ್ಶನ್ ಅಂತ, ನಿವೃತ್ತ ಎಂಜಿನಿಯರು. ಪಕ್ಕದಲ್ಲಿ ಅಪರ್ಣ ಏನೋ ವಿವರಿಸುತ್ತಾ ಬರುತ್ತಿದ್ದಳು. ನಾನು ಪೇಟ ಕಟ್ಟಿ, ಶಲ್ಯ ಹೊದ್ದು ಮೆಟ್ಟಿಲ ಮೇಲೆ ನಿಂತಿದ್ದೆ. ತಿರುವು ದಾಟಿದ ಕೂಡಲೇ ಅವಳ ಮಾತು ನಿಂತಿತು. ಮೆಚ್ಚಿ ನಿಂತಳು ಅಂದುಕೊಂಡೆ. ಭಾಷಣದ ಮೊದಲ ಸಾಲು ಬಾಯಿಗೆ ಬಂದಿತ್ತು.

ಸುದರ್ಶನ್ ಗೋಡೆ ಮುಟ್ಟಿದರು. ಬೆರಳಿಗೆ ಹಳದಿ ಅಂಟಿತು. ಕರ್ಚೀಫಿನಲ್ಲಿ ಒರೆಸಿಕೊಂಡು ಕೇಳಿದರು, "ಏನಮ್ಮ ಇದು? ನೀವು ಕಳಿಸಿದ ಫೋಟೋದಲ್ಲಿ ಬೇರೆ ಇತ್ತಲ್ಲ? ಮರದ ಹಲಗೆಗಳ ಮಧ್ಯೆ ಕಾಂಕ್ರೀಟು ಸುರಿದು, ಆ ಹಲಗೆಯ ಗೆರೆ ಗೋಡೆ ಮೇಲೆ ಹಾಗೇ ಉಳಿದಿದೆ, ಅದೇ ಇದರ ಹೆಚ್ಚುಗಾರಿಕೆ ಅಂತ ಬರೆದಿದ್ದೀರಿ. ಎಲ್ಲಿ ಅದು?"

"ಈ ಬಣ್ಣದ ಕೆಳಗಡೆ ಇದೆ ಸರ್."

"ಯಾರು ಬಳಿಸಿದ್ದು?"

ಅವಳು ನನ್ನ ಕಡೆ ನೋಡಿದಳು. ನಾನು ಸಿಂಹದ ಕಡೆ ನೋಡಿದೆ.

"ಯಾರಮ್ಮ?"

"ಈ ಕಟ್ಟಡದ ಅರ್ಜಿ ನನ್ನದು ಸರ್. ನಾನು ಬಂದು ನೋಡ್ಕೋಬೇಕಿತ್ತು."

"ಹಾಗಾದ್ರೆ ನಿಮ್ಮ ಒಪ್ಪಿಗೆಯಿಂದ ಆಯ್ತು ಅಂತ ಬರ್ಕೋತೀನಿ" ಅಂದರು. ಬರೆದುಕೊಂಡರು. ಕಡೇ ತೀರ್ಮಾನ ಫೆಬ್ರವರಿ ಹದಿಮೂರಕ್ಕೆ, ಮೈಸೂರಿನ ಕಚೇರಿಯಲ್ಲಿ.

ಹತ್ತು ನಿಮಿಷಕ್ಕೆ ಎಲ್ಲಾ ಮುಗಿಯಿತು. ಒಳಗೆ ಕೂಡ ಬರಲಿಲ್ಲ. ಅಪರ್ಣ ಅವರ ಹಿಂದೆಯೇ ಹೋದಳು.

ನಲವತ್ತನಾಲ್ಕು ವರ್ಷದಲ್ಲಿ ರಂಗದ ಮೇಲೆ ಮಾತು ಮರೆತವನಲ್ಲ. ಇವತ್ತೂ ಮರೆತಿರಲಿಲ್ಲ. ಆಡಲಿಲ್ಲ ಅಷ್ಟೆ.


ಜನವರಿ 21

ಮಲಗೇ ಇದ್ದೆ.


ಜನವರಿ 24, ಶುಕ್ರವಾರ

ಮುಖದ ಬಣ್ಣ ಕೊಬ್ಬರಿ ಎಣ್ಣೆಗೆ ಬಿಡ್ತದೆ. ನಾಟಕ ಮುಗಿದ ಮೇಲೆ ನಮ್ಮವರೆಲ್ಲ ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಉಜ್ಜಿಕೊಳ್ಳೋದು. ಪುಟ್ಟಲಕ್ಷ್ಮಮ್ಮನ ಬಾಟಲಿ ತಗೊಂಡು ಹೋಗಿ ಹಳೇ ಪಂಚೆಯ ಚೂರಿನಿಂದ ಒಂದು ಕಂಬವನ್ನು ಮಧ್ಯಾಹ್ನದವರೆಗೂ ಉಜ್ಜಿದೆ.

ರಂಗಸ್ವಾಮಿ ಸೈಕಲ್ಲು ನಿಲ್ಲಿಸಿ ನೋಡಿದ. "ಏನ್ಲಾ ಇದು, ಎಣ್ಣೆ ಸ್ನಾನಕ್ಕೆ ಕೂತ ಮದ್ಲಿಂಗನಂಗೆ ಮಿರಮಿರ ಅಂತದೆ ಗ್ವಾಡೆ. ಅರಿಶಿಣ ಒಂದ್ ಬಾಕಿ."

ನಗಲಿಲ್ಲ ನಾನು. ಬಣ್ಣ ಒಂದು ಚೂರೂ ಅಲ್ಲಾಡಿಲ್ಲ. ಭುಜ ಎತ್ತೋಕಾಗ್ತಿಲ್ಲ. ಎಣ್ಣೆ ಮಾತ್ರ ಖಾಲಿ.


ಜನವರಿ 27, ಸೋಮವಾರ

ಅಪರ್ಣ ಬಂದಳು. ಕೈಯಲ್ಲಿ ಎರಡು ಡಬ್ಬ, ಬಿದಿರಿನ ಚಕ್ಕೆಗಳು, ರಬ್ಬರು ಗ್ಲೌಸು. ಬೈಗುಳಕ್ಕೆ ಕಾದು ನಿಂತೆ. ಬೈಯಲಿಲ್ಲ. ಡಬ್ಬದಲ್ಲಿರೋದು ಗಂಜಿಯಂಥ ಒಂದು ಔಷಧಿ. ಗೋಡೆಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅರ್ಧ ಗಂಟೆ ಬಿಟ್ಟು, ಉಬ್ಬಿ ಬಂದ ಬಣ್ಣವನ್ನು ಬಿದಿರಿನಿಂದ ಎಬ್ಬಿಸಬೇಕು. ಆಮೇಲೆ ನೀರು. ತಂತಿ ಬ್ರಷ್ಷು ಮುಟ್ಟಲೇಬಾರದು, ಹಲಗೆಯ ಗೆರೆ ಕಿತ್ತುಹೋಗ್ತದೆ.

"ಅಮ್ಮಣ್ಣಿ, ನನ್ ಮೇಲೆ ಕೋಪ ಇಲ್ವಾ?"

"ಇದೆ ಮೇಷ್ಟ್ರೇ. ಈಗ ಟೈಮಿಲ್ಲ. ಆ ಮೂಲೆಯಿಂದ ಶುರು ಮಾಡಿ."

ಸಂಜೆ ಹೊತ್ತಿಗೆ ಒಂದು ಮೊರದಗಲ ಆಯಿತು. ಆ ಬೂದು ಗೋಡೆಯಲ್ಲಿ ಮರದ ಎಳೆ ಎಳೆಯೂ ಕಂಡಿತು, ಒಂದು ಗಂಟು ಕೂಡ. ಹಲಗೆ ಹೋಗಿ ಐವತ್ತೇಳು ವರ್ಷ ಆಗಿದೆ, ಗಂಟು ಅಲ್ಲೇ ಇದೆ. ಇಷ್ಟು ವರ್ಷ ಆ ಗೋಡೆಗೆ ಬೆನ್ನು ಹಾಕಿಯೇ ನಿಂತಿದ್ದೆನಲ್ಲ, ಕಂಡಿರಲಿಲ್ಲ.


ಫೆಬ್ರವರಿ 2, ಭಾನುವಾರ

ಪುಟ್ಟಲಕ್ಷ್ಮಮ್ಮ ರೊಟ್ಟಿ ಕಟ್ಟಿಕೊಂಡು ಭವನಕ್ಕೇ ಬಂದಳು. ತಿಂದಾದ ಮೇಲೆ ಹೋಗ್ತಾಳೆ ಅಂದುಕೊಂಡರೆ, ಸೆರಗು ಸಿಕ್ಕಿಸಿ ಬಿದಿರಿನ ಚಕ್ಕೆ ತಗೊಂಡಳು. ನನಗಿಂತ ಕೈ ಹಗುರ. ಅಡಿ ಹತ್ತಿದ ಪಾತ್ರೆ ತಿಕ್ಕಿದ ಕೈ.

ಸ್ವಲ್ಪ ಹೊತ್ತಾದ ಮೇಲೆ ಅಂದಳು, "ಈ ಗ್ವಾಡೆ ನಮ್ಮವ್ವ ಎತ್ತಿದ್ದು."

"ಯಾವ ಗೋಡೆ?"

"ಇದೇಯ. ಬೆಳಗೊಳದಿಂದ ಒಂದ್ ಹದಿನೈದ್ ಜನ ಹೆಣ್ಣಾಳು ಬಂದಿದ್ರು. ಆರ್ ತಿಂಗ್ಳು ಇಲ್ಲೇ ಗುಡ್ಲು ಹಾಕ್ಕಂಡಿದ್ರು. ಕಾಂಕ್ರೀಟ್ ಸುರಿಯೋ ದಿನ ನಡೂಕೆ ನಿಲ್ಲುಸ್ಬಾರ್ದಂತೆ. ಹೊತ್ತುಟ್ಟುದ್ರಿಂದ ಮುಳುಗೋಗಂಟ ಬಾಂಡ್ಲಿ ಕೈಯಿಂದ ಕೈಗೆ. ನಾನು ಅವ್ವನ್ ಹೊಟ್ಟೇಲಿದ್ದೆ."

ನನ್ನ ಅತ್ತೆ ಚಿಕ್ಕಬೋರಮ್ಮ ತೀರಿಹೋಗಿ ಹತ್ತೊಂಬತ್ತು ವರ್ಷ. ಎಷ್ಟು ಸಲ ನಮ್ಮ ಮನೆಗೆ ಬಂದಿದ್ದಾರೆ, ನಾಟಕಕ್ಕೂ ಬಂದು ಕಡೇ ಸಾಲಿನಲ್ಲಿ ಕೂರುತ್ತಿದ್ದರು. ನನ್ನ ಪಾರ್ಟು ನೋಡೋಕೆ ಅಂತಲೇ ತಿಳಿದಿದ್ದೆ.

"ನನಗೆ ಯಾವತ್ತೂ ಹೇಳೇ ಇಲ್ವಲ್ಲೇ ನೀನು."

"ನೀವು ಬಾಯ್ ಮುಚ್ಚಿದ್ ದಿನ ಯಾವ್ದು, ಹೇಳೋಕೆ?"

ಆಮೇಲೆ ಅವಳೇ ತೋರಿಸಿದಳು. ಎಡಗಡೆ ಸಿಂಹದ ಸೊಂಟದ ಹತ್ತಿರ ಒಂದು ಗೆರೆ ಇರಬೇಕು, ಸುರಿಯುವಾಗ ಒಂದು ದಿನ ಜೋರು ಮಳೆ ಬಂದು ನಡುವೆಯೇ ಕೆಲಸ ನಿಲ್ಲಿಸಿದ್ದರ ಗುರುತಂತೆ, ಮೇಸ್ತ್ರಿ ಎಲ್ಲರಿಗೂ ಬೈದನಂತೆ. ಅವ್ವ ಬಂದಾಗಲೆಲ್ಲ ಆ ಗೆರೆ ಮುಟ್ಟಿ ನೋಡೋಳಂತೆ. ಔಷಧಿ ಹಚ್ಚಿ ಕಾದೆವು. ಸಿಂಹದ ಸೊಂಟ ಹೋಯಿತು. ಗೆರೆ ಇತ್ತು. ಬೆರಳುಗುರು ಹೋಗುವಷ್ಟು.

ಇಬ್ಬರೂ ನಡೆದೇ ಮನೆಗೆ ಬಂದೆವು. ದಾರಿಯಲ್ಲಿ ಅವಳೇ ಮಾತಾಡಿದಳು.


ಫೆಬ್ರವರಿ 8, ಶನಿವಾರ

ಮುಕ್ಕಾಲು ಗೋಡೆ ಆಯಿತು. ಪೂರ್ತಿ ಬರೋದಿಲ್ಲ. ಮರದ ಎಳೆಗಳ ಒಳಗೆ ಹಳದಿ ಕೂತುಬಿಟ್ಟಿದೆ, ಒಂದೊಂದೇ ಕೆದಕಬೇಕು. ಕೈ ಚರ್ಮ ಸುಲಿದಿದೆ.

ಅಪರ್ಣ ಸಮಿತಿಯ ಕಾಗದ ತಂದು ಓದಿದಳು. "ಅರ್ಜಿದಾರರ ಒಪ್ಪಿಗೆಯಿಂದ ಮುಂಗೋಡೆಗೆ ಬಣ್ಣ ಬಳಿಯಲಾಗಿದ್ದು, ಕಟ್ಟಡ ತನ್ನ ಮೂಲ ಸ್ವರೂಪದಲ್ಲಿ ಉಳಿದಿಲ್ಲ." ಹದಿಮೂರನೇ ತಾರೀಕು ಇದನ್ನೇ ಎತ್ತಿಹಿಡಿದರೆ ಪಟ್ಟಿಗೆ ಸೇರೋದಿಲ್ಲ. ಸೇರದಿದ್ದರೆ ಕೆಡವುತ್ತಾರೆ.

"ಇಷ್ಟ್ ಕೆರೆದಿರೋದ್ನ ಬಂದು ನೋಡಾಕಿಲ್ವಾ ಅವ್ರು?" ರಂಗಸ್ವಾಮಿ ಕೇಳಿದ.

"ಒಪ್ಪಿ ಬಳಿಸಿದ್ದು ಅಂದ್ರೆ ಅದು ಬದಲಾವಣೆ. ಬದಲಾದ ಕಟ್ಟಡ ಅವರಿಗೆ ಬೇಡ."

"ಯಾರೋ ಒಬ್ರು ಯಾರ್ನೂ ಕೇಳ್ದೆ ಬಳಿದ್ಬುಟ್ರು ಅಂತಾದ್ರೆ?"

ಅವಳು ಕಾಗದ ಮಡಚಿದಳು. "ಆಗ ಅದು ಹಾನಿ. ಹಾನಿ ಸರಿಮಾಡಿಸಿ ಕಟ್ಟಡ ಉಳಿಸ್ಕೋಬಹುದು, ನಿಯಮದಲ್ಲಿದೆ. ಆದ್ರೆ ಹಾನಿ ಮಾಡಿದೋರನ್ನ ಮತ್ತೆ ಆ ಕಟ್ಟಡದ ಯಾವ ಕೆಲಸಕ್ಕೂ ಬಿಡೋಲ್ಲ. ಅದೂ ನಿಯಮ."

ಅವಳು ನನ್ನನ್ನ ನೋಡಿ ಹೇಳಲಿಲ್ಲ. ಹೋಗಿ ಒಪ್ಪಿಕೊಳ್ಳಿ ಅಂತ ಕೇಳಲೂ ಇಲ್ಲ. ಇನ್ನೊಂದು ತಿಂಗಳು ಸಮಯ ಕೇಳ್ತೀನಿ, ಕೊಡೋದು ಅನುಮಾನ ಅಂದಳು. ಇನ್ನು ಮುಂದೆ ಆ ಸಮಿತಿ ಅವಳ ಅರ್ಜಿಗಳನ್ನು ತಗೊಳ್ಳೋದೂ ಕಷ್ಟವಂತೆ. ಅದನ್ನು ಹೇಳಿದ್ದು ಅವಳಲ್ಲ, ರಂಗಸ್ವಾಮಿ ಎಲ್ಲೋ ಕೇಳಿಕೊಂಡು ಬಂದಿದ್ದ.

ಅವಳು ಹೋದ ಮೇಲೆ ಅವನು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತ.

"ಮಂಚ, ತೆಪ್ಪಗಿರ್ಲಾ. ನೀನ್ ಹೋಗಿ ಒಪ್ಕಂಡ್ರೆ ಒಳೀಕ್ ಕಾಲಿಡಾಕಿಲ್ಲ ಸಾಯೋಗಂಟ. ತೊಣ್ಣೂರೋರ ನಾಟ್ಕ ಏನಾಯ್ತದೆ? ನೀನ್ ಏನಾಯ್ತೀಯೆ? ಆ ಹುಡ್ಗಿ ಇನ್ನೂ ಚಿಕ್ಕೋಳು, ಎಲ್ಲಾದ್ರೂ ದಾರಿ ಸಿಗ್ತದೆ."

"ಕಟ್ಟಡ?"

"ಹೋದ್ರೆ ಹೋಗ್ಲಿ. ಇದ್ದೂ ನಿಂಗ್ ಇಲ್ದಂಗಾಗೋದಕ್ಕಿಂತ?"

ಎದ್ದು ಬಿದಿರಿನ ಚಕ್ಕೆಗಳನ್ನು ತೊಳೆದಿಟ್ಟು ಬೀಗ ಹಾಕಿದೆ. ತುಂಬಾ ಸುಸ್ತಾಗಿತ್ತು.


ಫೆಬ್ರವರಿ 10, ಸೋಮವಾರ

ತೊಣ್ಣೂರಿನವರ ಅಭ್ಯಾಸ. ರಾಜಪಾರ್ಟಿನ ಕಿಶನ್ ಅಲ್ಲಿ ಹಾಲಿನ ಡೈರಿ ನಡೆಸೋನು, ಒಳ್ಳೆ ಗಂಟಲು. ಸೋತ ರಾಜ ಮಗನ ಹೆಣದ ಮುಂದೆ ಆಡೋ ಮಾತನ್ನು ಎಂದಿನ ಹಾಗೆ ಕಿರುಚಿದ. ನಾನೇ ಹಾಗೆ ಕಲಿಸಿದ್ದು. ಮೆತ್ತಗೆ ಹೇಳಿ ನೋಡಪ್ಪ ಅಂದೆ.

"ಮೇಷ್ಟ್ರೇ, ಮೈಕಿಲ್ಲ. ಹಿಂದ್ಲೋರ್ಗೆ ಕೇಳುಸ್ತದಾ?"

ಹೇಳು ಅಂದೆ. ಹೇಳಿದ. ನಾನು ಹೋಗಿ ಕಡೇ ಸಾಲಿನಲ್ಲಿ, ಗೋಡೆಯ ಪಕ್ಕದ ಮೂಲೆ ಕುರ್ಚಿಯಲ್ಲಿ ಕೂತು ಕೇಳಿದೆ. ಉಸಿರು ಎಳೆದುಕೊಂಡದ್ದೂ ಕೇಳಿತು. ಆ ಮಡಚಿದ ಸೂರು ಮಾತನ್ನು ಹಿಡಿದು ತಂದು ಹಿಂದಕ್ಕೆ ಕೊಡ್ತದೆ ಅಂತ ಅಪರ್ಣ ತನ್ನ ಹನ್ನೆರಡು ಪುಟದಲ್ಲಿ ಬರೆದಿದ್ದಾಳಂತೆ. ನಾನು ಅಲ್ಲಿ ಕೂತು ಯಾವತ್ತೂ ಕೇಳಿರಲಿಲ್ಲ.

ಅಭ್ಯಾಸ ಮುಗಿದ ಮೇಲೆ ರಂಗಸ್ವಾಮಿಗೆ, ಮುಂದಿನ ವಾರದಿಂದ ಪದ್ಯಗಳನ್ನ ನೀನೇ ಹೇಳಿಕೊಡು ಅಂದೆ. ಅವನು ನನ್ನ ಮುಖ ನೋಡಿದ. ಬಯ್ಯಲಿಲ್ಲ.


ಫೆಬ್ರವರಿ 12, ಬುಧವಾರ

ಊಟಕ್ಕೆ ಕೂತಾಗ ಇವಳಿಗೆ ಹೇಳಿದೆ, ನಾಳೆ ಮೈಸೂರಿಗೆ ಹೋಗ್ತೀನಿ ಅಂತ. ಯಾಕೆ ಅಂತ ಕೇಳಲಿಲ್ಲ. "ಆಮೇಲೆ ಅಭ್ಯಾಸಕ್ಕೆ ಎಲ್ಗೋಗ್ತೀರಿ?" ಅಂದಳು.

"ಗೊತ್ತಿಲ್ಲ."

"ಮನೇಲಿ ಕೂತು ನನ್ ತಲೆ ತಿಂದೀರಿ."

"ಇಲ್ಲ" ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಇನ್ನೊಂದು ಮುದ್ದೆ ಹಾಕಿದಳು.

ಅಪರ್ಣಳಿಗೆ ತಿಳಿಸಿಲ್ಲ. ತಿಳಿಸಿದರೆ ಬೇಡ ಅನ್ನಬಹುದು, ಅಥವಾ ಬನ್ನಿ ಅನ್ನಬಹುದು. ಎರಡನ್ನೂ ಅವಳ ತಲೆ ಮೇಲೆ ಹಾಕೋದು ಬೇಡ.

ಮೊದಲು ಬರೆದಿದ್ದ ಸ್ವಾಗತ ಭಾಷಣದ ನಾಲ್ಕು ಪುಟ ತೆಗೆದು ನೋಡಿದೆ, ಅದರಲ್ಲಿ ಏನಾದರೂ ಉಪಯೋಗಕ್ಕೆ ಬರುತ್ತದಾ ಅಂತ. ಬರುವಂಥದ್ದು ಇರಲಿಲ್ಲ. ಒಲೆಗೆ ಹಾಕಿದೆ.

ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗ್ತೀನಿ. ಪೇಟ ಬೇಡ. ಸುದರ್ಶನ್ ಅವರ ಮುಂದೆ ನಿಂತು, ಬಣ್ಣ ಬಳಿಸಿದ್ದು ನಾನು, ಯಾರನ್ನೂ ಕೇಳಲಿಲ್ಲ, ಆ ಹುಡುಗಿ ಏನೂ ಮಾಡಿಸಬೇಡಿ ಅಂದಿದ್ದಳು ಅಂತ ಹೇಳ್ತೀನಿ. ಎಲ್ಲಿ ಸಹಿ ಹಾಕು ಅಂತಾರೋ ಅಲ್ಲಿ ಹಾಕ್ತೀನಿ. ಆಮೇಲೆ ಒಂದು ಕೇಳ್ತೀನಿ: ಬಲಗಡೆ ಮೂಲೆಯಲ್ಲಿ ಇನ್ನೂ ಹಳದಿ ಉಳಿದಿದೆ, ಹೊರಗೆ ರಸ್ತೆಯಲ್ಲೇ ನಿಂತು ಅದನ್ನ ಕೆದಕಿ ಮುಗಿಸಬಹುದಾ ಅಂತ. ಬೇಡ ಅಂದರೆ ಬಿಡ್ತೀನಿ.